ಗುಡ್ಡದ ಜಮೀನು, ಮರದ ನೆರಳು: ಮೊದಲ ಟ್ರ್ಯಾಕ್ಟರ್ ಆರಿಸುವ ಬಗೆ

ಭದ್ರಾ ನಾಲೆಯ ಕೆಳಗಿನ ಗದ್ದೆಗೆ ಟ್ರ್ಯಾಕ್ಟರ್ ಕೊಳ್ಳುವುದು ಕಷ್ಟದ ಕೆಲಸವಲ್ಲ. ನೆಲ ಮಟ್ಟವಾಗಿದೆ, ದಾರಿ ಅಗಲವಾಗಿದೆ. 45 ಎಚ್‌ಪಿಯ ಯಾವ ಗಾಡಿ ತಂದರೂ ಕೆಲಸ ನಡೆಯುತ್ತದೆ. ಹೊಳಲ್ಕೆರೆ, ಹೊಸದುರ್ಗದ ಮಟ್ಟಿ ಜಮೀನುಗಳಲ್ಲಿ, ಚನ್ನಗಿರಿಯ ಉಬ್ರಾಣಿ ಕಡೆಯ ಇಳಿಜಾರಿನ ತೋಟಗಳಲ್ಲಿ, ಜೋಗಿಮಟ್ಟಿ ಸಾಲಿನ ಬುಡದ ಗರಸು ಹೊಲಗಳಲ್ಲಿ ಅದೇ ಗಾಡಿ ಒಂದೋ ಮರದ ಸಾಲಿನೊಳಗೆ ತೂರುವುದಿಲ್ಲ, ಇಲ್ಲವೇ ತೂರಿದ ಮೇಲೆ ತಿರುಗುವುದಿಲ್ಲ. ಎರಡೂ ಆದರೆ ಇಳುಕಲಿನಲ್ಲಿ ಪಲ್ಟಿಯ ಭಯ ಉಳಿದೇ ಇರುತ್ತದೆ.

ಶೋರೂಮಿನಲ್ಲಿ ಮಾತು ಎಚ್‌ಪಿಯಿಂದ ಶುರುವಾಗುತ್ತದೆ. ಗುಡ್ಡದ ಜಮೀನಿಗೆ ಎಚ್‌ಪಿ ಕೊನೆಗೆ ನೋಡಬೇಕಾದ ಅಂಕಿ. ಮೊದಲು ಇಳಿಜಾರು, ಆಮೇಲೆ ಅಗಲ, ಆಮೇಲೆ ತೂಕ ಮತ್ತು ಬ್ರೇಕು. ಈ ನಾಲ್ಕು ಗೊತ್ತಾದರೆ ಎಚ್‌ಪಿ ತಾನಾಗಿಯೇ ನಿಗದಿಯಾಗುತ್ತದೆ.

ಮೊದಲ ಹೆಜ್ಜೆ: ಜಮೀನು ಅಳೆಯಿರಿ

ಬೇಕಾದ ಸಾಮಾನು ಇಷ್ಟೇ: ಗಾರೆ ಮೇಸ್ತ್ರಿಗಳ ಹತ್ತಿರ ಇರುವ 10 ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿ, ಒಂದು ರಸಮಟ್ಟ, ಟೇಪು, ಗುರುತಿಗೆ ಸುಣ್ಣದ ಪುಡಿ. ಪಟ್ಟಿಯ ಒಂದು ತುದಿಯನ್ನು ಮೇಲುಭಾಗದ ನೆಲಕ್ಕೆ ತಾಗಿಸಿ, ಇನ್ನೊಂದನ್ನು ನೀರು ಹರಿಯುವ ದಿಕ್ಕಿಗೆ ಚಾಚಿ. ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಕೆಳತುದಿಯನ್ನು ಎತ್ತಿ. ಆ ತುದಿಯಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆಯಿರಿ.

6 ಇಂಚು ಬಂದರೆ ಇಳಿಜಾರು ಶೇ 5. 12 ಇಂಚು ಶೇ 10, 18 ಇಂಚು ಶೇ 15, 24 ಇಂಚು ಶೇ 20. 32 ಇಂಚು ಬಂದರೆ ಶೇ 27ರ ಹತ್ತಿರ, ಅಂದರೆ ಸುಮಾರು 15 ಡಿಗ್ರಿ.

ಎಕರೆಗೆ ಕನಿಷ್ಠ ನಾಲ್ಕು ಕಡೆ ಅಳೆಯಿರಿ. ಸರಾಸರಿ ತೆಗೆಯಬೇಡಿ. ಟ್ರ್ಯಾಕ್ಟರ್ ಮಗುಚುವುದು ಅತಿ ಕೆಟ್ಟ ಜಾಗದಲ್ಲಿ, ಸರಾಸರಿ ಜಾಗದಲ್ಲಿ ಅಲ್ಲ. ಆ ಕೆಟ್ಟ ಜಾಗಗಳಿಗೆ ಸುಣ್ಣ ಹಾಕಿ ಗುರುತು ಮಾಡಿ.

ಅಂಕಿ ಕೈಗೆ ಬಂದ ಮೇಲೆ ಲೆಕ್ಕ ಹೀಗೆ. ಶೇ 5ರವರೆಗೆ ಯಾವ ಗಾಡಿಯಾದರೂ ಸರಿ. ಶೇ 5ರಿಂದ 10ರವರೆಗೆ ಬದು ಹಾಕಿ, ಇಳಿಜಾರಿಗೆ ಅಡ್ಡಲಾಗಿ ಉಳುಮೆ. ಶೇ 10ರಿಂದ 15ರವರೆಗೆ ಅಗಲ ಮಾಡಿಕೊಂಡ ಚಕ್ರದ ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವಂಥದು), ಅದೂ ನಿಧಾನವಾಗಿ, ಒಣ ನೆಲದಲ್ಲಿ ಮಾತ್ರ. ಶೇ 15 ದಾಟಿದರೆ ಉಳುಮೆ ಬಿಟ್ಟುಬಿಡಿ. ಸಾಗಣೆಗೆ, ಕಳೆ ಸವರುವುದಕ್ಕೆ ನೇರ ಮೇಲೆ ಕೆಳಗೆ ಓಡಿಸಬಹುದು, ಅಷ್ಟೇ. ಶೇ 20 ದಾಟಿದ ಜಾಗಕ್ಕೆ ಟ್ರ್ಯಾಕ್ಟರ್ ಇಳಿಸಲೇಬೇಡಿ. ಅಲ್ಲಿ ಬ್ರಷ್ ಕಟರ್, ಕುಡುಗೋಲು, ಕೈಯಾಳು. ಗರಸು ಉರುಳುವ ನೆಲವಾದರೆ ಈ ಎಲ್ಲ ಅಂಕಿಗಳನ್ನೂ ಒಂದು ಮೆಟ್ಟಿಲು ಕೆಳಗಿಳಿಸಿಕೊಳ್ಳಿ.

ಇಲ್ಲಿ ಒಂದು ಇಕ್ಕಟ್ಟು ಇದೆ, ಅದನ್ನು ಮುಚ್ಚಿಡಬಾರದು. ಮಣ್ಣು ಉಳಿಯಬೇಕಾದರೆ ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಟ್ರ್ಯಾಕ್ಟರ್ ಪಲ್ಟಿಯಾಗಬಾರದು ಎಂದರೆ ನೇರ ಮೇಲೆ ಕೆಳಗೆ ಓಡಿಸಬೇಕು. ಶೇ 10ರ ಒಳಗೆ ಎರಡೂ ಹೊಂದುತ್ತವೆ. ಅದರ ಮೇಲೆ ಒಂದನ್ನು ಉಳಿಸಲು ಹೋದರೆ ಇನ್ನೊಂದು ಕೈಬಿಡುತ್ತದೆ. ಕಡಿದಾದ ಜಾಗದಲ್ಲಿ ಮೇಲಿಂದ ಕೆಳಗೆ ರೊಟವೇಟರ್ (ತಿರುಗುವ ಹಲ್ಲುಗಳಿಂದ ಮಣ್ಣು ಪುಡಿ ಮಾಡುವ ಉಪಕರಣ) ಹೊಡೆದರೆ ಒಂದೇ ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ನಮ್ಮ ಕಡೆಯ ಕೆಂಪು ನೆಲದಲ್ಲಿ ಹಲವೆಡೆ ಮೇಲ್ಮಣ್ಣು ಇರುವುದೇ ಒಂದು ಗೇಣು. ಹಾಗಾಗಿ ಅಂಥ ಜಾಗವನ್ನು ಮರಕ್ಕೆ, ಹುಲ್ಲಿಗೆ ಬಿಡಿ. ಹುಣಸೆ, ಸೀತಾಫಲ, ಹೊಂಗೆ, ಬೇವು ಅಲ್ಲಿ ಚೆನ್ನಾಗಿ ಬರುತ್ತವೆ, ಉಳುಮೆಯನ್ನೂ ಬೇಡುವುದಿಲ್ಲ.

ಇಳಿಜಾರಿನ ಜೊತೆಗೆ ಇನ್ನೂ ಐದು ಅಳತೆ ಬರೆದುಕೊಳ್ಳಿ: ಮರಗಳ ನಡುವಿನ ಅತಿ ಕಿರಿದಾದ ಜಾಗ, ಸಾಲಿನ ಕೊನೆಯಲ್ಲಿ ತಿರುಗಲು ಸಿಗುವ ಅಂತರ, ಅತಿ ತಗ್ಗಿನ ಕೊಂಬೆಯ ಎತ್ತರ, ಬೇಲಿ ಗೇಟಿನ ಅಗಲ, ಹಳ್ಳ ದಾಟುವ ಕಡೆ ಏರು ಎಷ್ಟು ಕಡಿದಾಗಿದೆ ಎಂಬುದು. ಡೀಲರ್ ಹತ್ತಿರ ಹೋಗುವಾಗ ಈ ಚೀಟಿ ಜೇಬಿನಲ್ಲಿರಲಿ.

ಎರಡನೇ ಹೆಜ್ಜೆ: ಕೆಲಸಗಳನ್ನು ಎರಡು ಪಾಲು ಮಾಡಿ

ವರ್ಷದ ಎಲ್ಲ ಕೆಲಸಗಳನ್ನೂ ಬರೆದು, ಪಕ್ಕದಲ್ಲಿ ವರ್ಷಕ್ಕೆ ಎಷ್ಟು ಗಂಟೆ ಎಂದು ನಮೂದಿಸಿ. ತೋಟದ ಕಳೆ, ಗೊಬ್ಬರ ಸಾಗಣೆ, ಔಷಧಿ ಸಿಂಪಡಣೆ, ಅಡಿಕೆ ಗೊನೆ, ತೆಂಗಿನಕಾಯಿ, ಸೌದೆ ಹೊರುವುದು: ಇವು ಪದೇ ಪದೇ ಬರುವ ಕೆಲಸ. ಆಳ ಉಳುಮೆ, ಹೊಸ ಬದು, ಬೊಡ್ಡೆ ಕೀಳುವುದು, ಬಳ್ಳಾರಿ ಜಾಲಿ ತೆಗೆಯುವುದು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ.

ಪದೇ ಪದೇ ಬರುವ ಕೆಲಸಕ್ಕೆ ಗಾಡಿ ಕೊಳ್ಳಿ, ಅಪರೂಪದ ಕೆಲಸಕ್ಕೆ ಬಾಡಿಗೆ ಕರೆಸಿ. ಬೊಡ್ಡೆಗೆ ಜೆಸಿಬಿ, ಮಣ್ಣು ಮಗುಚುವ ಪಲ್ಟಿ ನೇಗಿಲಿಗೆ ಊರಿನ 50 ಎಚ್‌ಪಿ ಗಾಡಿ ಸಿಕ್ಕೇ ಸಿಗುತ್ತದೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲೂ ವಿಚಾರಿಸಿ. ವರ್ಷಕ್ಕೆ ಎರಡು ದಿನದ ಆಳ ಉಳುಮೆಗೆಂದು ದೊಡ್ಡ ಗಾಡಿ ತಂದು, ಉಳಿದ ದಿನವೆಲ್ಲ ಅದು ತೋಟದ ಹೊರಗೇ ನಿಂತಿರುವುದು ಈ ಭಾಗದಲ್ಲಿ ಮತ್ತೆ ಮತ್ತೆ ಆಗುವ ತಪ್ಪು.

ಜಮೀನು ಎರಡು ಮೂರು ಎಕರೆ ಮಾತ್ರ ಎಂದಾದರೆ ಪವರ್ ಟಿಲ್ಲರ್ (ಹಿಂದೆ ನಡೆಯುತ್ತ ಓಡಿಸುವ ಎರಡು ಚಕ್ರದ ಉಳುವ ಯಂತ್ರ) ಮನಸ್ಸಿಗೆ ಬರುವುದು ಸಹಜ. ಮಟ್ಟದ ತೋಟಕ್ಕೆ ಅದು ಒಳ್ಳೆಯದೇ. ಇಳುಕಲಿನಲ್ಲಿ ಮಾತ್ರ ಒಂದು ಅಪಾಯ ಗೊತ್ತಿರಲಿ: ಗಾಡಿ ತನ್ನ ಭಾರಕ್ಕೇ ಕೆಳಗೆ ಓಡುತ್ತಿರುವಾಗ ಎಡ ಕ್ಲಚ್ ಹಿಡಿದರೆ ಅದು ಬಲಕ್ಕೆ ತಿರುಗುತ್ತದೆ, ಬಲ ಹಿಡಿದರೆ ಎಡಕ್ಕೆ. ಕ್ಲಚ್ ಬಿಡಿಸಿದ ಚಕ್ರಕ್ಕೆ ಇಂಜಿನ್ನಿನ ತಡೆ ತಪ್ಪಿ ಅದೇ ಮುಂದಕ್ಕೆ ಓಡುವುದು ಇದಕ್ಕೆ ಕಾರಣ. ಹೊಸಬರ ಕೈ ಇಲ್ಲೇ ತಪ್ಪುತ್ತದೆ.

ಮೂರನೇ ಹೆಜ್ಜೆ: ಅಗಲವೇ ಎಲ್ಲದರ ಗಂಟು

ಅಡಿಕೆ ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರದಲ್ಲಿರುತ್ತದೆ. ಕಾಂಡದ ದಪ್ಪ ಕಳೆದರೆ ಎಂಟೂವರೆ ಅಡಿ ಸಿಗುತ್ತದೆ. 45 ಎಚ್‌ಪಿ ಗಾಡಿಯ ಅಗಲ ಐದೂವರೆಯಿಂದ ಆರು ಅಡಿ. ಎರಡೂ ಪಕ್ಕ ಒಂದೂವರೆ ಅಡಿ ಉಳಿದರೆ ಹೆಚ್ಚು. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಡ್ರಿಪ್ ಪೈಪೂ ಬುಡದಲ್ಲೇ ಇರುತ್ತದೆ. ದೊಡ್ಡ ಗಾಡಿ ಹೋದ ಕಡೆ ಎರಡಕ್ಕೂ ಪೆಟ್ಟು. ಮೂರೂವರೆಯಿಂದ ನಾಲ್ಕು ಅಡಿ ಅಗಲದ ಸಣ್ಣ ಗಾಡಿ, ಅಷ್ಟೇ ಅಗಲದ ರೊಟವೇಟರ್ ಆದರೆ ಎರಡೂ ಪಕ್ಕ ಎರಡಡಿಗಿಂತ ಹೆಚ್ಚು ಜಾಗ ಬಿಟ್ಟು ಕೆಲಸ ಮಾಡಬಹುದು. 25–30 ಅಡಿ ಅಂತರದ ತೆಂಗಿನ ತೋಟದಲ್ಲಿ ಈ ಚಿಂತೆ ಇಲ್ಲ. ಅಲ್ಲಿ ನಡುವೆ ಕೋಕೋ, ಬಾಳೆ ಹಾಕಿದ್ದರೆ ಮತ್ತೆ ಅಳೆಯಬೇಕು.

ಹಾಗಾದರೆ ಕಿರಿದಾದಷ್ಟೂ ಒಳ್ಳೆಯದೇ? ಮಟ್ಟದ ತೋಟದಲ್ಲಿ ಹೌದು. ಇಳಿಜಾರಿನಲ್ಲಿ ಕಿರಿದಾದ ಗಾಡಿಯೇ ಬೇಗ ಮಗುಚುತ್ತದೆ. ಲೆಕ್ಕ ಹಾಕಿ ನೋಡಿ.

ಹಿಂಚಕ್ರಗಳ ನಡು ಅಂತರ 80 ಸೆಂ.ಮೀ., ಗಾಡಿಯ ಭಾರದ ಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರ ಎಂದುಕೊಳ್ಳೋಣ. ನಿಂತಲ್ಲೇ ಒಂದು ಪಕ್ಕಕ್ಕೆ ವಾಲಿಸುತ್ತ ಹೋದರೆ ಸುಮಾರು 34 ಡಿಗ್ರಿಗೆ ಅದು ಮಗುಚುತ್ತದೆ. ಚಕ್ರವನ್ನು 1 ಮೀಟರ್‌ಗೆ ಅಗಲ ಮಾಡಿದರೆ ಇದು 40 ಡಿಗ್ರಿಯ ಹತ್ತಿರ ಹೋಗುತ್ತದೆ. 34 ಡಿಗ್ರಿ ಎಂದರೆ ಬಹಳ ಎನ್ನಿಸಬಹುದು. ಆದರೆ 15 ಡಿಗ್ರಿ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಕೆಳಗಿನ ಚಕ್ರ ಅರ್ಧ ಅಡಿಯ ಗುಂಡಿಗೆ ಇಳಿದರೆ ಹತ್ತು ಡಿಗ್ರಿಗಿಂತ ಹೆಚ್ಚು ಸೇರುತ್ತದೆ. ಅದೇ ಹೊತ್ತಿಗೆ ಮೇಲಿನ ಚಕ್ರ ಅರ್ಧ ಅಡಿಯ ಕಲ್ಲು ಹತ್ತಿದರೆ ಇನ್ನೊಂದು ಹತ್ತು. ಒಟ್ಟು 35 ದಾಟಿತು, ಗಾಡಿ ಬಿತ್ತು. ಮರಗಳಿರುವ ನೆಲದಲ್ಲಿ ಬೊಡ್ಡೆ, ಹುತ್ತ, ತರಗೆಲೆ ಮುಚ್ಚಿದ ಗುಂಡಿ ಎಲ್ಲಿರುತ್ತದೋ ಕಾಣುವುದಿಲ್ಲ. ಹಾಗಾಗಿಯೇ ಮೇಲೆ ಹೇಳಿದ ಮಿತಿಗಳು ಅಷ್ಟು ಬಿಗಿಯಾಗಿವೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಹಾಗಾಗಿ ವಾಲುವಾಗ ಮೊದಮೊದಲು ಮುಂಚಕ್ರಗಳು ಗಾಡಿಯನ್ನು ಹಿಡಿಯುವುದೇ ಇಲ್ಲ. ಟ್ರ್ಯಾಕ್ಟರ್ ನಾಲ್ಕು ಕಾಲಿನ ಮೇಜಿನಂತೆ ನಿಂತಿರುವುದಿಲ್ಲ, ಮೂರು ಕಾಲಿನ ಪೀಠದಂತೆ ನಿಂತಿರುತ್ತದೆ. ಹಿಂಚಕ್ರದ ಅಗಲಕ್ಕೆ ಇಷ್ಟು ಮಹತ್ವ ಬರುವುದು ಇದರಿಂದಲೇ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಈ ಗಾಡಿಯ ಹಿಂಚಕ್ರದ ಅಂತರ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಬದಲಿಸುವುದು ಹೇಗೆ? ಹಲವು ಗಾಡಿಗಳಲ್ಲಿ ರಿಮ್ ತಿರುವಿ ಹಾಕಿ ಅಂತರ ಹೆಚ್ಚಿಸಬಹುದು. ತಿರುವಿದ ಮೇಲೆ ಟೈರಿನ ಬಾಣದ ಗುರುತು ಮುಂದಿನ ದಿಕ್ಕಿಗೇ ಇರಬೇಕು, ಎಡ ಬಲ ಅದಲುಬದಲಾದರೆ ಹಿಡಿತ ಕಡಿಮೆಯಾಗುತ್ತದೆ. ನಿಮ್ಮ ಕಿರಿದಾದ ಸಾಲಿನೊಳಗೆ ಹಿಡಿಸುವ ಅತಿ ಹೆಚ್ಚಿನ ಅಗಲಕ್ಕೆ ಕೂರಿಸಿ, ಅಲ್ಲೇ ಬಿಡಿ.

ಟೈರಿಗೆ ನೀರು ತುಂಬಿಸುವುದೂ ಗುಡ್ಡದಲ್ಲಿ ಉಪಕಾರಿ. ವಾಲ್ವನ್ನು ಮೇಲಕ್ಕೆ ತಿರುಗಿಸಿ, ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ. ಭಾರವೆಲ್ಲ ಕೆಳಗೆ ಸೇರುವುದರಿಂದ ಗಾಡಿ ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಗಾಳಿ ಕಡಿಮೆಯಾದ ಟೈರಿನಲ್ಲಿ ಮಾತ್ರ ಇಳಿಜಾರಿಗೆ ಹೋಗಬೇಡಿ. ಕೆಳಗಿನ ಟೈರು ಅಮುಕಿದಷ್ಟೂ ವಾಲು ಹೆಚ್ಚುತ್ತದೆ.

ನಾಲ್ಕನೇ ಹೆಜ್ಜೆ: ಫೋರ್ ವೀಲ್ ಡ್ರೈವ್, ಬ್ರೇಕು, ಗೇರು

ಶೇ 10ಕ್ಕಿಂತ ಹೆಚ್ಚಿನ ಇಳಿಜಾರು ಒಂದೇ ಒಂದು ಕಡೆ ಇದ್ದರೂ ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಿ. ಏರು ಹತ್ತುವುದಕ್ಕೆ ಅದು ಬೇಕು ಎಂದು ಎಲ್ಲರಿಗೂ ಗೊತ್ತು. ಇಳಿಯುವಾಗ ಅದರ ಉಪಕಾರ ಇನ್ನೂ ದೊಡ್ಡದು. ಸಣ್ಣ ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂಚಕ್ರಕ್ಕೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ಸರಿದು ಹಿಂಚಕ್ರ ಹಗುರಾಗುತ್ತದೆ, ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಫೋರ್ ವೀಲ್ ಹಾಕಿದ್ದರೆ ಮುಂಚಕ್ರಕ್ಕೂ ಬ್ರೇಕಿನ, ಇಂಜಿನ್ನಿನ ತಡೆ ಸಿಗುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಅದನ್ನು ತೆಗೆಯಿರಿ. ಮುಂಚಕ್ರ ಹಿಂಚಕ್ರಕ್ಕಿಂತ ತುಸು ವೇಗವಾಗಿ ಸುತ್ತುವಂತೆ ಇರುವುದರಿಂದ ಗಟ್ಟಿ ರಸ್ತೆಯಲ್ಲಿ ಮುಂದಿನ ಟೈರು ಸವೆಯುತ್ತದೆ, ಗೇರಿಗೆ ಬಿಗಿ ಬೀಳುತ್ತದೆ.

ಬ್ರೇಕು ಆಯಿಲ್‌ನಲ್ಲಿ ಮುಳುಗಿದ ಬಗೆಯದೇ ಇರಲಿ. ಒಣ ಬ್ರೇಕು ಹಳ್ಳ ದಾಟಿದ ಮೇಲೆ, ಧೂಳು ತುಂಬಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಎಡ ಬಲ ಎರಡು ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಇದೆಯೇ, ಗಟ್ಟಿಯಾಗಿ ಕೂರುತ್ತದೆಯೇ ನೋಡಿ. ಇಳಿಜಾರಿನಲ್ಲಿ ಒಂದೇ ಪೆಡಲ್ ಒತ್ತಿದರೆ ಗಾಡಿ ಗಕ್ಕನೆ ಅಡ್ಡ ತಿರುಗುತ್ತದೆ, ಪಲ್ಟಿಯಾಗಲು ಅಷ್ಟು ಸಾಕು.

ಗೇರಿನ ಸಂಖ್ಯೆಗಿಂತ ಅತಿ ಕೆಳಗಿನ ಗೇರಿನ ವೇಗ ಮುಖ್ಯ. ಗಂಟೆಗೆ ಎರಡು ಕಿ.ಮೀ.ಗಿಂತ ನಿಧಾನವಾಗಿ ಹೋಗುವ ಗೇರು ಇರಬೇಕು. ಕ್ಲಚ್ಚು ಎರಡು ಹಂತದ್ದಾಗಿದ್ದರೆ ರೊಟವೇಟರ್ ನಿಲ್ಲಿಸದೆ ಗಾಡಿ ನಿಲ್ಲಿಸಬಹುದು. ಮರದ ಸಾಲಿನಲ್ಲಿ ಇದು ದಿನವೂ ಉಪಯೋಗಕ್ಕೆ ಬರುತ್ತದೆ. ಒಂದು ಚಕ್ರ ಗರಸಿನಲ್ಲಿ ಸುತ್ತುತ್ತಾ ನಿಂತಾಗ ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ಸುತ್ತಿಸುವ ಡಿಫರೆನ್ಷಿಯಲ್ ಲಾಕ್ ಬೇಕು. ಚಕ್ರ ನಿಲ್ಲಿಸಿ ಲಾಕ್ ಹಾಕಿ, ನೇರ ಹೋಗಿ, ತಿರುಗುವ ಮೊದಲು ಬಿಡಿ.

ಐದನೇ ಹೆಜ್ಜೆ: ಈಗ ಎಚ್‌ಪಿ

ಬ್ರೋಷರ್‌ನಲ್ಲಿ ಬರೆಯುವುದು ಇಂಜಿನ್ ಎಚ್‌ಪಿ. ಪಿಟಿಒಗೆ (ಉಪಕರಣವನ್ನು ತಿರುಗಿಸುವ ಹಿಂಬದಿಯ ದಂಡ) ಬರುವಷ್ಟರಲ್ಲಿ ಶೇ 10ರಿಂದ 15 ಕಳೆದಿರುತ್ತದೆ. 24 ಎಚ್‌ಪಿ ಗಾಡಿಯ ಪಿಟಿಒದಲ್ಲಿ 20–21 ಸಿಕ್ಕರೆ ಸರಿ. ಅದಕ್ಕೆ 3ರಿಂದ ಮೂರೂವರೆ ಅಡಿಯ ರೊಟವೇಟರ್. 28–30 ಎಚ್‌ಪಿಗೆ 4 ಅಡಿ. ಕಲ್ಟಿವೇಟರ್ ಆದರೆ ಐದು ಹಲ್ಲು. ಎರೆ ಭೂಮಿಯ ತುಂಡೊಂದು ಇದ್ದರೆ ಇದರಲ್ಲೂ ಒಂದು ಅಳತೆ ಕಡಿಮೆ ಮಾಡಿ.

ಐದರಿಂದ ಹತ್ತು ಎಕರೆಯ ಮರಗಳಿರುವ ಇಳಿಜಾರು ಜಮೀನಿಗೆ 24ರಿಂದ 30 ಎಚ್‌ಪಿಯ ಫೋರ್ ವೀಲ್ ಡ್ರೈವ್ ಗಾಡಿ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಹೀಂದ್ರಾ ಜೀವೋ 245, ಕುಬೋಟಾ ನಿಯೋಸ್ಟಾರ್ ಬಿ2441, ಜಾನ್ ಡಿಯರ್ 3028ಇಎನ್ ಈ ಗುಂಪಿನವು. ವಿಎಸ್‌ಟಿ, ಕ್ಯಾಪ್ಟನ್, ಸೋನಾಲಿಕಾದಲ್ಲೂ ಇದೇ ಅಳತೆಯವು ಇವೆ. ಯಾವುದನ್ನು ಆರಿಸಬೇಕು ಎಂಬುದನ್ನು ಹೆಸರು ತೀರ್ಮಾನಿಸಬಾರದು, ಹತ್ತಿರದ ಮೆಕ್ಯಾನಿಕ್ ಮತ್ತು ಬಿಡಿಭಾಗ ತೀರ್ಮಾನಿಸಬೇಕು. ದಾವಣಗೆರೆ, ಚಿತ್ರದುರ್ಗದ ಅಂಗಡಿಯಲ್ಲಿ ಮುಂದಿನ ಆಕ್ಸಲ್‌ನ ಆಯಿಲ್ ಸೀಲ್ ಇದೆಯೇ ಎಂದು ಕೇಳಿ. ಫೋರ್ ವೀಲ್ ಗಾಡಿಯಲ್ಲಿ ಹಾಳಾಗುವ ಭಾಗಗಳಲ್ಲಿ ಅದೊಂದು. "ತರಿಸಿಕೊಡ್ತೀವಿ" ಎಂಬ ಉತ್ತರ ಬಂದರೆ ಎಷ್ಟು ದಿನಕ್ಕೆ ಎಂದು ಕೇಳಿ.

ಅಂಕಿಗಳನ್ನು ಪರೀಕ್ಷಿಸಲು ದಾರಿ ಇದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿಟಿಒ ಎಚ್‌ಪಿ, ಎಳೆಯುವ ಬಲ, ಎತ್ತುವ ಸಾಮರ್ಥ್ಯ ಎಲ್ಲವೂ ಅದರಲ್ಲಿ ಇರುತ್ತದೆ. ಡೀಲರ್ ಹತ್ತಿರ ಆ ವರದಿ ಕೇಳಿ. ಓಡಿಸಲು, ದುರಸ್ತಿ ಮಾಡಲು ಕಲಿಯಬೇಕು ಎನ್ನುವವರಿಗೆ ದಕ್ಷಿಣ ಭಾರತದ ಇಂಥದೇ ಸಂಸ್ಥೆ ಪಕ್ಕದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ, ಅಲ್ಲಿ ತರಬೇತಿ ಕೊಡುತ್ತಾರೆ.

ಎತ್ತುವ ಸಾಮರ್ಥ್ಯದ ಅಂಕಿಗಿಂತ ಎತ್ತಿದಾಗ ಮುಂಚಕ್ರದ ಮೇಲೆ ಎಷ್ಟು ಭಾರ ಉಳಿಯುತ್ತದೆ ಎಂಬುದು ಗುಡ್ಡದಲ್ಲಿ ಮುಖ್ಯ. 850 ಕೆ.ಜಿ. ಗಾಡಿ, ಮುಂಚಕ್ರದ ಮೇಲೆ 360 ಕೆ.ಜಿ., ಚಕ್ರಗಳ ಉದ್ದಂತರ ಒಂದೂವರೆ ಮೀಟರ್ ಎಂದುಕೊಳ್ಳಿ. 200 ಕೆ.ಜಿ. ರೊಟವೇಟರ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ತೂಗಿದರೆ ಮುಂಚಕ್ರದಿಂದ 160 ಕೆ.ಜಿ. ಕಳೆಯುತ್ತದೆ. ಶೇ 20ರ ಏರಿನಲ್ಲಿ ಇನ್ನೂ 80 ಕೆ.ಜಿ. ಹಿಂದಕ್ಕೆ ಸರಿಯುತ್ತದೆ. ಉಳಿದದ್ದು 120. ಸ್ಟಿಯರಿಂಗ್ ಕೈಗೆ ಸಿಗಬೇಕಾದರೆ ಗಾಡಿಯ ತೂಕದ ಐದರಲ್ಲಿ ಒಂದು ಪಾಲು, ಅಂದರೆ 170 ಕೆ.ಜಿ., ಮುಂದೆ ಇರಲೇಬೇಕು. ಹಾಗಾಗಿ ಮುಂದಿನ ವೇಟ್ ಪ್ಲೇಟ್‌ಗಳನ್ನು ಗಾಡಿಯ ಜೊತೆಗೇ ಚೌಕಾಸಿ ಮಾಡಿ ಪಡೆಯಿರಿ. ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿ, ಮುಮ್ಮುಖವಾಗಿ ಇಳಿಯಿರಿ. ಹತ್ತಿ ಇಳಿಯುವಾಗ ಉಪಕರಣವನ್ನು ನೆಲದಿಂದ ಒಂದಡಿಗಿಂತ ಮೇಲೆ ಎತ್ತಬೇಡಿ.

ಆರನೇ ಹೆಜ್ಜೆ: ಟ್ರೇಲರ್ ಎಷ್ಟು ದೊಡ್ಡದು?

ಜೀವ ಹೋಗುವ ತಪ್ಪು ಆಗುವುದು ಇಲ್ಲಿ. ಶೇ 10ರ ಏರಿನಲ್ಲಿ 3 ಟನ್ ಟ್ರೇಲರ್ ಎಳೆಯಲು ಇಳಿಜಾರಿಗೇ 300 ಕೆ.ಜಿ. ಬಲ ಬೇಕು, ಮಣ್ಣುದಾರಿಯ ಉರುಳು ತಡೆಗೆ ಇನ್ನೂ 180. 850 ಕೆ.ಜಿ. ಗಾಡಿಗೆ ಗರಸಿನಲ್ಲಿ ಸಿಗುವ ಹಿಡಿತ 400 ಕೆ.ಜಿ. ಸುತ್ತಮುತ್ತ, ಅದರಲ್ಲಿ 85 ತನ್ನನ್ನೇ ಹತ್ತಿಸಿಕೊಳ್ಳಲು ಹೋಗುತ್ತದೆ. ಇಂಜಿನ್ನಿಗೆ ಶಕ್ತಿ ಇದ್ದರೂ ಚಕ್ರ ಸುತ್ತುತ್ತದೆ. ಅದೇ ಒಂದೂವರೆ ಟನ್ ಆದರೆ ಹತ್ತುತ್ತದೆ.

ಹತ್ತದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಹಾಗಲ್ಲ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದು ಸಣ್ಣ ಗಾಡಿಯನ್ನು ಹಿಂದಿನಿಂದ ನೂಕುತ್ತದೆ, ಗಾಡಿ ಅಡ್ಡಲಾಗಿ ಮಡಚಿಕೊಳ್ಳುತ್ತದೆ. ಇಳುಕಲಿನ ದಾರಿಯಲ್ಲಿ ಬ್ರೇಕ್ ಇಲ್ಲದ ಟ್ರೇಲರ್, ಸರಕೂ ಸೇರಿ, ಟ್ರ್ಯಾಕ್ಟರಿನ ತೂಕಕ್ಕಿಂತ ಹೆಚ್ಚಿರಬಾರದು. ಹೆಚ್ಚು ಹೊರಬೇಕಾದರೆ ಬ್ರೇಕ್ ಇರುವ ಟ್ರೇಲರ್ ಮಾಡಿಸಿ. ಇಳಿಯಲು ಶುರು ಮಾಡುವ ಮೊದಲೇ ಕೆಳಗಿನ ಗೇರ್ ಹಾಕಿ, ನಡುವೆ ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಮಾಡಲೇಬೇಡಿ.

ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಆಕ್ಸಲ್‌ಗೆ, ಟಾಪ್ ಲಿಂಕ್‌ಗೆ (ಉಪಕರಣ ಹಿಡಿಯುವ ಮೇಲಿನ ಕೊಂಡಿ) ಕಟ್ಟಬಾರದು. ಆಕ್ಸಲ್‌ಗಿಂತ ಕೆಳಗಿರುವ ಹುಕ್ಕಿಗೇ ಕಟ್ಟಬೇಕು. ಮೇಲೆ ಕಟ್ಟಿದ ದಿಮ್ಮಿ ಬೊಡ್ಡೆಗೆ ಸಿಕ್ಕಿಕೊಂಡರೆ ಗಾಡಿ ಮುಂಭಾಗ ಎತ್ತಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ನಿಮ್ಮದೇ ಜಮೀನಿನ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ಏಳನೇ ಹೆಜ್ಜೆ: ಮರಗಳ ನಡುವೆ ಓಡಾಡಲು ಬೇಕಾದ ಕಾವಲು

ಚಾಲಕನ ಹಿಂದೆ ಗಟ್ಟಿ ಕಬ್ಬಿಣದ ಕಮಾನು, ಅದರ ಜೊತೆ ಸೀಟ್ ಬೆಲ್ಟ್: ಇವು ಇಲ್ಲದ ಗಾಡಿಯನ್ನು ಗುಡ್ಡಕ್ಕೆ ತರಬೇಡಿ. ಬಿಸಿಲಿಗೆಂದು ಹಾಕಿಸುವ ತಗಡಿನ ಮಾಡು ಪಲ್ಟಿಯಲ್ಲಿ ಯಾರನ್ನೂ ಕಾಯುವುದಿಲ್ಲ. ಮಡಚುವ ಕಮಾನು ಮರದ ಕೆಳಗೆ ಅನುಕೂಲ. ಎತ್ತಿದ್ದಾಗ ಬೆಲ್ಟ್ ಕಟ್ಟಲೇಬೇಕು, ಮಡಚಿದ್ದಾಗ ಕಟ್ಟಬಾರದು, ಕೊಂಬೆ ದಾಟಿದ ಕೂಡಲೇ ಮತ್ತೆ ಎತ್ತಬೇಕು.

ನಿಂತ ಸೈಲೆನ್ಸರ್ ಕೊಂಬೆಗೆ ತಾಗುತ್ತದೆ, ಮಲಗಿದ ಸೈಲೆನ್ಸರ್ ಒಣಹುಲ್ಲಿಗೆ ಹತ್ತಿರವಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಿಡಿ ಸಾಕು, ಗುಡ್ಡವೇ ಹತ್ತಿಕೊಳ್ಳುತ್ತದೆ. ಮಲಗಿದ ಸೈಲೆನ್ಸರ್ ಇದ್ದರೆ ದಿನವೂ ಅದರ ಸುತ್ತ ಸಿಕ್ಕ ಹುಲ್ಲು ತೆಗೆಯಿರಿ, ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಇಂಜಿನ್ ಕೆಳಗೆ 3 ಮಿ.ಮೀ. ತಗಡಿನ ರಕ್ಷೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಆಯಿಲ್ ಬಿಡುವ ಬೋಲ್ಟಿಗೆ ಕಿಂಡಿ ಇರಲಿ, ತಗಡು ಬೋಲ್ಟಿನಲ್ಲಿ ಬಿಚ್ಚುವಂತಿರಲಿ, ಚಾಸಿಗೆ ವೆಲ್ಡ್ ಮಾಡಿಸಬೇಡಿ. ಬೊಡ್ಡೆಗೆ ಮೊದಲು ಹರಿಯುವುದು ಟೈರಿನ ವಾಲ್ವು. ಬಳ್ಳಾರಿ ಜಾಲಿಯ ಮುಳ್ಳಿರುವ ಕಡೆ ಹೆಚ್ಚು ಪ್ಲೈ (ಪದರ) ಇರುವ ಮುಂದಿನ ಟೈರು ಕೇಳಿ ಹಾಕಿಸಿ.

ಕರಡ ಹುಲ್ಲಿನ ಕಾಳು, ಧೂಳು ರೇಡಿಯೇಟರ್ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಗಾಡಿ ಬಿಸಿಯಾಗುತ್ತಿದೆ ಎಂದು ದೂರುವವರಲ್ಲಿ ಬಹುಪಾಲು ಜನರ ತೊಂದರೆ ಇಷ್ಟೇ. ಮುಂದಿನ ಜಾಲರಿ ಉಪಕರಣವಿಲ್ಲದೆ ಕೈಯಲ್ಲಿ ತೆಗೆಯುವಂತಿದೆಯೇ ಶೋರೂಮಿನಲ್ಲೇ ನೋಡಿಕೊಳ್ಳಿ.

ಎಂಟನೇ ಹೆಜ್ಜೆ: ಡೆಮೊ ನಿಮ್ಮ ಹೊಲದಲ್ಲೇ ಆಗಲಿ

ಶೋರೂಮಿನ ಅಂಗಳದಲ್ಲಿ ಓಡಿಸಿ ನೋಡಿ ಪ್ರಯೋಜನವಿಲ್ಲ. ಗಾಡಿ ನಿಮ್ಮ ಜಮೀನಿಗೆ ಬರಲಿ, ರೊಟವೇಟರ್ ಕಟ್ಟಿಕೊಂಡೇ ಬರಲಿ, ಅವರ ಚಾಲಕರೇ ಮೊದಲು ಓಡಿಸಲಿ. ಶೇ 15ರೊಳಗಿನ ಗುರುತಿನ ಜಾಗದಲ್ಲಿ, ನೇರ ಮೇಲೆ ಕೆಳಗೆ ಇವನ್ನು ನೋಡಿ:

ಏರಿನ ನಡುವೆ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಿದರೆ ಐದು ನಿಮಿಷ ಜಾರದೆ ನಿಲ್ಲಬೇಕು. ಅತಿ ಕೆಳಗಿನ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿದರೆ ವೇಗ ಏರಬಾರದು. ರೊಟವೇಟರ್ ಪೂರ್ತಿ ಎತ್ತಿ ಇಂಜಿನ್ ಆರಿಸಿ, ಹತ್ತು ನಿಮಿಷದಲ್ಲಿ ಅದು ಕಣ್ಣಿಗೆ ಕಾಣುವಷ್ಟು ಇಳಿಯಬಾರದು. ನಿಮ್ಮ ಕಿರಿದಾದ ಸಾಲಿನ ಕೊನೆಯಲ್ಲಿ ಒಂದೇ ಬಾರಿಗೆ ತಿರುಗದಿದ್ದರೂ ಒಮ್ಮೆ ಹಿಂದೆ ಬಂದು ತಿರುಗಬೇಕು. ಮೂರು ಸಲ ಹಿಂದೆ ಮುಂದೆ ಆದರೆ ವರ್ಷವಿಡೀ ಅದೇ ಪಾಡು.

ಹಳೇ ಗಾಡಿಯಾದರೆ ಇನ್ನೂ ನಾಲ್ಕು ಮಾತು. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿರಬಾರದು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ಮುಂಚಕ್ರವನ್ನು ಜಾಕಿಯಲ್ಲಿ ಎತ್ತಿ ಅಲುಗಾಡಿಸಿ, ಮುಂಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್ ಸಡಿಲವಿದ್ದರೆ ತಿಳಿಯುತ್ತದೆ. ಮುಂದಿನ ಹಬ್‌ನ ಸುತ್ತ ಆಯಿಲ್ ಜಿನುಗಿದ್ದರೆ ದರದಲ್ಲಿ ಕಳೆಯಿರಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ತೀರುವಳಿ ಪತ್ರ ಮತ್ತು ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ನಮೂನೆ 29 ಮತ್ತು 30.

ಕಾಗದ, ಹಣ

ಕೊಟೇಷನ್‌ನಲ್ಲಿ ಗಾಡಿ, ನೋಂದಣಿ, ವಿಮೆ, ವೇಟ್ ಪ್ಲೇಟು, ಹುಕ್ಕು ಪ್ರತ್ಯೇಕ ಸಾಲುಗಳಲ್ಲಿ ಇರಲಿ. ಕೃಷಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ, ಬಿಲ್ಲಿನಲ್ಲಿ ನೋಡಿ. ಸಹಾಯಧನಕ್ಕೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಹಣಿ ಹಿಡಿದು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಮಂಜೂರಾತಿ ಬರುವ ಮೊದಲೇ ಗಾಡಿ ತಂದರೆ ಹಣ ಕೈತಪ್ಪುವ ಸಾಧ್ಯತೆ ಹೆಚ್ಚು. ಸಾಲದ ಕಂತು ನಿಮ್ಮ ಬೆಳೆಯ ಹಣ ಬರುವ ತಿಂಗಳಿಗೆ ಬೀಳಬೇಕು: ಅಡಿಕೆಯವರಿಗೆ ಕೊಯ್ಲು ಮುಗಿದ ಮೇಲೆ, ಮೆಕ್ಕೆಜೋಳದವರಿಗೆ ಡಿಸೆಂಬರ್ ಹೊತ್ತಿಗೆ. ಪ್ರತಿ ತಿಂಗಳ ಕಂತಿಗೆ ಒಪ್ಪಬೇಡಿ. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ವಿಮೆ. ಮಡ್‌ಗಾರ್ಡ್ ಮೇಲೆ ಕೂತವರಿಗೆ ವಿಮೆ ನೆರವಾಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು.

ಗಾಡಿ ಮನೆಗೆ ಬಂದ ಮೇಲೆ ಮೊದಲ 50 ಗಂಟೆ ಮಟ್ಟದ ಜಾಗದಲ್ಲೇ, ಪೂರ್ತಿ ಲೋಡ್ ಹಾಕದೆ ಓಡಿಸಿ. ಆ ಗಂಟೆಗಳು ಇಂಜಿನ್ನಿಗೆ ಎಷ್ಟು ಬೇಕೋ ನಿಮ್ಮ ಕೈಕಾಲಿಗೂ ಅಷ್ಟೇ ಬೇಕು. ಹತ್ತು ಗಂಟೆ ಓಡಿದ ಮೇಲೆ ಚಕ್ರದ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿ, ರಿಮ್ ತಿರುವಿದ್ದರೆ ತಪ್ಪದೆ ಮಾಡಿ. 50 ಗಂಟೆಗೆ ಮೊದಲ ಸರ್ವಿಸ್ ಮುಗಿಸಿ. ಇಂಜಿನ್ ಆಯಿಲ್ ಮೇಲಿನ ಗೆರೆಗೆ ಇದೆಯೇ ಎಂದು ಮಟ್ಟದ ನೆಲದಲ್ಲಿ ನಿಲ್ಲಿಸಿ ನೋಡಿಕೊಂಡು, ಎರಡು ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಹಾಕಿ, ಆಮೇಲೆ ಗುಡ್ಡದ ಕಡೆ ತಿರುಗಿಸಿ.